ಕೈಗುಣ

ಮಾರ್ಚ್ 3, ಬೆಳಿಗ್ಗೆ 6.30
ಇವತ್ತೂ ಅಪ್ಪ ಅಗೆಯುವ ಸದ್ದಿಗೇ ಎಚ್ಚರ. ಎಪ್ಪತ್ತೆಂಟಾದರೂ ಅಗೆಯದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ ಅವರಿಗೆ.

ಹಿತ್ತಲಿನಲ್ಲಿ ಮೂರು ಪಾತಿ, ಮೂವರದು ಮೂರು ದಾರಿ. ಅಪ್ಪನದು ಅಗೆತ, ಗೊಬ್ಬರ, ದಾರ ಹಿಡಿದು ಎಳೆದಂಥ ಸಾಲು. ಅಕ್ಕನದು ಪರ್ಮಾಕಲ್ಚರ್ — ಮಣ್ಣು ಕೆದಕಬಾರದು, ಹುಲ್ಲು-ತರಗು ಹೊದಿಸಬೇಕು, ಟೊಮೆಟೊ ಪಕ್ಕ ಬೀನ್ಸ್, ಅದರ ಪಕ್ಕ ಚೆಂಡುಹೂವು. ನನ್ನದು ಹಳೇ ರಟ್ಟು ಹಾಸಿ, ತೂತು ಮಾಡಿ, ಕುಂಬಳದ ಬೀಜ ಹಾಕಿ ಮರೆತದ್ದು. ಅಪ್ಪ ಇಟ್ಟ ಹೆಸರು ಸೋಮಾರಿ ಪಾತಿ.

ನಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೇನೆ — ವಾರಕ್ಕೆ ಹತ್ತು ನಿಮಿಷ, ಒಂದು ಕಳೆ ಇಲ್ಲ!

ಕಳೆ ಯಾಕಿಲ್ಲ ಅಂತ ಇಲ್ಲಾದರೂ ಬರೆಯಬೇಕು. ಸುತ್ತಲಿನ ಹುಲ್ಲಿಗೆ ಕಳೆನಾಶಕ ಹೊಡೆದಿದ್ದೇನೆ. ಅಪ್ಪ, ಅಕ್ಕ ಇಬ್ಬರೂ ಆಸ್ಪತ್ರೆಗೆ ಹೋಗಿದ್ದಾಗ. ಹುಲ್ಲು ಉಳಿದು ಮಿಕ್ಕ ಕಳೆಯಷ್ಟೇ ಸಾಯುವ ಔಷಧಿ.

ಮಾರ್ಚ್ 9
ಆ ಹುಲ್ಲನ್ನೇ ಕತ್ತರಿಸಿ ಗುಡ್ಡೆ ಹಾಕಿದ್ದೆ. ಅಕ್ಕ ಬಂದಳು.

"ಇದನ್ನ ನನ್ನ ಪಾತಿಗೆ ಹಾಕ್ಕೊಳ್ಳಲೇನೇ? ಔಷಧಿಗಿಷಧಿ ಹೊಡೆದಿಲ್ಲ ತಾನೆ?"

"ಅಯ್ಯೋ, ಕತ್ತರಿಸೋಕೇ ಸೋಮಾರಿತನ ನಂಗೆ. ಔಷಧಿ ಬೇರೆ ಹೊಡೀತೀನಾ?"

ಇಬ್ಬರೂ ನಕ್ಕೆವು. ಒಣಗಿದ ಹುಲ್ಲಿನಲ್ಲಿ ಏನಿರುತ್ತದೆ ಬಿಡು...

ಎರಡು ಗಂಟೆ ಹಿಡಿಯಿತು ಅವಳಿಗೆ. ಬಲಗೈಯಲ್ಲೇ ಹಿಡಿ ಹಿಡಿಯಾಗಿ ಹರಡಿದಳು. ಲಕ್ವ ಹೊಡೆದು ಹದಿನಾಲ್ಕು ತಿಂಗಳು. ಹೊಲಿಗೆ ಕಲಿಸುತ್ತಿದ್ದ ಕೈ. ತೋಟದ ಕೆಲಸವೇ ಒಳ್ಳೆಯ ವ್ಯಾಯಾಮ ಅಂತ ಡಾಕ್ಟರೇ ಹೇಳಿದ್ದು.

ಮಾರ್ಚ್ 27
ಅಕ್ಕನ ಟೊಮೆಟೊ ಎಲೆಗಳು ಮುದುಡಿ ಬಟ್ಟಲಾಗಿವೆ. ಚಿಗುರು ಹಗ್ಗದಂತೆ ತಿರುಚಿದೆ. ಬೀನ್ಸ್ ಕೂಡ ಹಾಗೇ. ಅಪ್ಪನ ಪಾತಿ ಹಸಿರು. ನನ್ನದೂ.

ಪೆಟ್ಟಿಗೆಯ ಹಿಂದೆ ಬಚ್ಚಿಟ್ಟಿದ್ದ ಕಳೆನಾಶಕದ ಡಬ್ಬಿ ತೆಗೆದು ನೋಡಿದೆ. ಇರುವೆಯಂಥ ಅಕ್ಷರ, ಭೂತಗನ್ನಡಿ ಬೇಕಾಯಿತು — ದಿನವಿಡೀ ಕನ್ನಡಕ ಮಾರುವವಳಿಗೆ! ಸಿಂಪಡಿಸಿದ ಹುಲ್ಲನ್ನು ತರಕಾರಿ ಗಿಡಗಳಿಗೆ ಹೊದಿಸಬಾರದು, ಅಂತಿದೆ.

ಡಬ್ಬಿಯನ್ನು ಮತ್ತೆ ಪೆಟ್ಟಿಗೆಯ ಹಿಂದೆ ತಳ್ಳಿದೆ.

ಮಾರ್ಚ್ 28
ಊಟಕ್ಕೆ ಕೂತಾಗ ಅಕ್ಕ ಅಂದಳು, "ನಾನು ಮುಟ್ಟಿದ್ದೆಲ್ಲ ಸಾಯ್ತಿದೆ ಅಪ್ಪ. ಕೈಗುಣಾನೇ ಹೋಯ್ತು."

"ಕೈಗುಣ ಅಲ್ಲಮ್ಮ. ನೀನು ಅಗೀಲಿಲ್ಲ, ಅದಕ್ಕೆ." ಆಮೇಲೆ ನನ್ನ ಕಡೆ ತಿರುಗಿ, "ಇವಳನ್ನ ನೋಡು, ಏನೂ ಮಾಡ್ದೇನೇ ಕುಂಬಳ ಹೇಗೆ ಬೆಳೆಸಿದ್ದಾಳೆ!"

ಹೇಳಬಹುದಿತ್ತು. ಬಾಯಲ್ಲಿ ತುತ್ತಿತ್ತು. ನುಂಗಿದೆ — ತುತ್ತನ್ನೂ, ಮಾತನ್ನೂ.

ಏಪ್ರಿಲ್ 15
ಇಷ್ಟು ದಿನ ಈ ಪುಸ್ತಕ ತೆರೆಯಲಿಲ್ಲ. ತೆರೆದರೆ ಬರೆಯಬೇಕಾಗುತ್ತದೆ.

ಅಕ್ಕ ಹಿತ್ತಲಿಗೆ ಇಳಿಯುತ್ತಿಲ್ಲ. ಚಮಚ ಮತ್ತೆ ಎಡಗೈಗೆ ಬಂದಿದೆ. ಬಲಗೈ ಮಡಿಲಲ್ಲಿ, ಯಾರೋ ಬಿಟ್ಟುಹೋದ ವಸ್ತುವಿನಂತೆ. ಹಿಸುಕಲು ಕೊಟ್ಟಿದ್ದ ರಬ್ಬರ್ ಚೆಂಡನ್ನು ಪಕ್ಕದ ಮನೆ ಮಗುವಿಗೆ ಕೊಟ್ಟುಬಿಟ್ಟಳಂತೆ.

ಏಪ್ರಿಲ್ 16, ಸಂಜೆ
ಹೇಳಿದೆ. ಅಂಗಡಿಗೆ ರಜೆ ಹಾಕಿ, ಅವಳ ಮುಂದೆ ಡಬ್ಬಿ ಇಟ್ಟು, ಎಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹಾಗಾದ್ರೆ... ನನ್ನ ಕೈ ಸರಿಯಿದೆಯೇನೇ?"

ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅತ್ತಳು. ನಾನು ಎದುರಿಗಿದ್ದೇನೆ ಅನ್ನುವುದು ಆಮೇಲೆ ನೆನಪಾಯಿತೇನೋ.

"ಇಷ್ಟು ದಿನ ನೋಡ್ತಾ ಕೂತಿದ್ಯಲ್ಲ. ಒಂದಿನಾನಾದ್ರೂ ಅಯ್ಯೋ ಅನ್ನಿಸಲಿಲ್ವಾ?"

ದಿನಾ ಅನ್ನಿಸಿತು. ಅದನ್ನು ಹೇಳಲು ಇನ್ನೂ ನಾಚಿಕೆ. ಅನ್ನಿಸಿಯೂ ಸುಮ್ಮನಿದ್ದೆ ಅಂದ ಹಾಗಾಗುತ್ತದೆ.

"ಅಪ್ಪಂಗೆ ನೀನೇ ಹೇಳು" ಅಂದಳು. ಹೇಳಿದೆ. ಅಪ್ಪ ಚಹಾ ಮುಗಿಸಿದರು, ಎದ್ದು ಲೋಟ ತೊಳೆದಿಟ್ಟರು. ಅಷ್ಟೇ.

ಏಪ್ರಿಲ್ 17, ಬೆಳಿಗ್ಗೆ 6.15
ಕಿಟಕಿಯಿಂದ ಕಾಣುತ್ತಿದೆ. ಇಬ್ಬರೂ ಹಿತ್ತಲಲ್ಲಿ. ಅಕ್ಕನ ಪಾತಿಯ ಹೊದಿಕೆಯನ್ನೆಲ್ಲ ಕೆರೆದು ಚೀಲಕ್ಕೆ ತುಂಬುತ್ತಿದ್ದಾರೆ.

"ಮಣ್ಣು ಅಗೆದಗೆದು ಬಿಸಿಲಿಗೆ, ಗಾಳಿಗೆ ಬಿಡ್ಬೇಕು. ವರ್ಷಾನೇ ಆಗ್ಲಿ" ಅನ್ನುತ್ತಿದ್ದಾರೆ ಅಪ್ಪ. ಮಣ್ಣು ಕೆದಕಬಾರದು ಅನ್ನುತ್ತಿದ್ದವಳು ಹೂಂಗುಟ್ಟುತ್ತಿದ್ದಾಳೆ. ಚೀಲದ ಬಾಯಿಯನ್ನು ಬಲಗೈಯಲ್ಲಿ ಹಿಡಿದಿದ್ದಾಳೆ. ಜಾರುತ್ತದೆ. ಮತ್ತೆ ಹಿಡಿಯುತ್ತಾಳೆ.

ನನ್ನನ್ನು ಯಾರೂ ಕರೆದಿಲ್ಲ. ಗೋಡೆಗೆ ಇನ್ನೊಂದು ಗುದ್ದಲಿ ಒರಗಿಕೊಂಡಿದೆ. ಇಟ್ಟದ್ದು ಅಪ್ಪನೋ, ಅಕ್ಕನೋ. ನನಗೋ, ಅಲ್ಲವೋ. ಕೇಳುವುದು ಬೇಡ, ಸುಮ್ಮನೆ ಹೋಗಿ ಎತ್ತಿಕೊಳ್ಳುತ್ತೇನೆ.