ತೊಟ್ಟಿಲ ಹಾಡಿಗೆ ಮೂರು ಆಸರೆ

ಗಾಳಿಶಕೆ ೧೮೭, ಹದಿನಾಲ್ಕನೆಯ ತಿಂಗಳ ಮೂವತ್ತಾರನೆಯ ದಿನ
ಮೇಲ್ಗದಗ, ಕಪ್ಪತಗುಡ್ಡದ ನೆತ್ತಿ

ನಮ್ಮ ಮನೆತನದ ಹಾಡಿನಜ್ಜಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಸಾಲಿನಲ್ಲಿ ಎಲ್ಲೋ ಕೆಳಗೆ ಹುಟ್ಟಿದ ರುದ್ರಾಂಬೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ, ನೀವು ಓದಿದ್ದು ಸರಿಯಾಗಿಯೇ ಇದೆ. ನಾನು ಇಲ್ಲಿನ ಹಿಂದಂಚೆಯಲ್ಲಿ ಗುಮಾಸ್ತೆ. ಹಿಂದಂಚೆ ಎಂದರೆ ಕಾಗದವನ್ನು ಊರಿಂದೂರಿಗೆ ಒಯ್ಯದೆ ಕಾಲದಲ್ಲಿ ಹಿಂದಕ್ಕೆ ಒಯ್ಯುವ ಅಂಚೆ. ಅದರಲ್ಲಿ ಬರುವ ವರ್ಷಗಳ ಚಿನ್ನದ ದರ ಬರೆಯುವಂತಿಲ್ಲ, ಚುನಾವಣೆಯ ಸುದ್ದಿ ಬರೆಯುವಂತಿಲ್ಲ. ಬರೆದವರ ಕಾಗದವನ್ನು ಹರಿದು ಹಾಕುತ್ತಾರೆ, ಹರಿದು ಹಾಕುವವಳು ನಾನೇ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಿಮ್ಮ ಹೆಸರು ಹಿಡಿದು ಬರೆಯದೆ ಹಾಡಿನಜ್ಜಿ ಎಂದದ್ದಕ್ಕೂ ಕ್ಷಮೆಯಿರಲಿ. ಮೊನ್ನೆ ಮೊನ್ನೆಯವರೆಗೆ ನಮಗ್ಯಾರಿಗೂ ನಿಮ್ಮ ಹೆಸರು ಗೊತ್ತಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಕಾಲದಲ್ಲಿ ಟೀವಿಯ ಪಕ್ಕ ಇಟ್ಟು ಹಾಡು ಕೇಳುತ್ತಿದ್ದ ಸಣ್ಣ ಪೆಟ್ಟಿಗೆ ಈಗಲೂ ನಮ್ಮ ಮನೆಯಲ್ಲಿದೆ. ಅದರಲ್ಲಿರುವುದು ಒಂದೇ ಹಾಡು, ನೀವು ಹಾಡಿದ ಜೋಗುಳ. ನಮ್ಮ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಪೆಟ್ಟಿಗೆ ಆ ಜೋಗುಳದ ಮೊದಲ ಸಾಲು ಹೇಳಬೇಕು, ಆಮೇಲೆಯೇ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಪೆಟ್ಟಿಗೆ ಹಾಡದಿದ್ದರೆ ಹೆಸರಿಲ್ಲ. ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ಗಾಳಿಮರಗಳು ತಿರುಗಿದಷ್ಟು ಹೊತ್ತು ಊರಿಗೆ ಕರೆಂಟು, ಗಾಳಿ ಬಿದ್ದರೆ ಎಲ್ಲ ಬಂದ್. ಆದ್ದರಿಂದ ನಮ್ಮಲ್ಲಿ ಮುಹೂರ್ತವನ್ನೂ ಗಾಳಿ ನೋಡಿಯೇ ಇಡುತ್ತಾರೆ.

ಈ ಪೆಟ್ಟಿಗೆ ತಾನಾಗಿ ಹಾಡುವುದಿಲ್ಲ, ಅದಕ್ಕೆ ಆಸರೆಗಳು ಬೇಕು. ನಿಮ್ಮ ಕಾಲದಲ್ಲಿ ಇದಕ್ಕೆ ಡಿಪೆಂಡೆನ್ಸಿ ಎನ್ನುತ್ತಿದ್ದರಂತೆ. ಬೇಕೆಂದಾಗ ಆಕಾಶದ ಕಣಜದಿಂದ ಅವನ್ನು ಇಳಿಸಿಕೊಳ್ಳುತ್ತಿದ್ದಿರಂತೆ, ಪುಣ್ಯವಂತರು. ಆ ಕಣಜ ಮುಚ್ಚಿಹೋದ ಮೇಲೆ ಊರ ಹಿರಿಯರು ಉಳಿದ ಆಸರೆಗಳನ್ನು ಮನೆಗೊಂದರಂತೆ ಹಂಚಿ ಕಾಪಾಡಿಕೊಳ್ಳಿ ಎಂದರು. ಜನ ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಈಗ ಪ್ರತಿ ಮನೆಯ ದೇವರ ಜಗಲಿಯ ಮೇಲೆ ಉಗುರಿನಷ್ಟು ದೊಡ್ಡ ಒಂದು ಬಿಲ್ಲೆ ಅರಿಷಿಣ ಕುಂಕುಮ ಮೆತ್ತಿಕೊಂಡು ಕೂತಿರುತ್ತದೆ. ಯಾರ ಪೆಟ್ಟಿಗೆಗಾದರೂ ಆಸರೆ ಬೇಕೆಂದರೆ ಎಲೆ ಅಡಿಕೆ, ಕುಬುಸದ ಕಣ ಹಿಡಿದು ಆ ಮನೆಗೆ ಹೋಗಿ ಕರೆಯಬೇಕು. ಅವರು ಬಿಲ್ಲೆಯೊಂದಿಗೆ ಬಂದು, ಕೆಲಸ ಮುಗಿಸಿ, ಹೋಳಿಗೆ ಉಂಡು ಹೋಗುತ್ತಾರೆ.

ನಮ್ಮ ಪೆಟ್ಟಿಗೆಗೆ ಬೇಕಾದ ಆಸರೆಗಳೆಲ್ಲ ಎಂದೋ ಬಂದು ಕೂತಿದ್ದವು, ನಮಗೆ ಚಿಂತೆಯಿರಲಿಲ್ಲ. ಆದರೆ ನನ್ನ ತಮ್ಮ ಪಂಪಣ್ಣನಿಗೆ ಮಗಳು ಹುಟ್ಟಿದಳು. ಗಾಳಿಮರದ ರೆಕ್ಕೆ ತೊಳೆಯುವುದು ಅವನ ಉದ್ಯೋಗ, ಹೀಗಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆಯುವುದು ಅವನ ಸ್ವಭಾವ. ಪುರುಡು ಕಳೆಯುವ ದಿನ ಮನೆಯೆಲ್ಲ ಸಾರಿಸಿದ, ಹಾಸಿಗೆ ಒಗೆದ, ಪಾತ್ರೆ ಬೆಳಗಿದ. ಬಾಣಂತಿಯ ಕೋಣೆಯಲ್ಲಿದ್ದ ಪೆಟ್ಟಿಗೆಗೂ ಪುರುಡು ತಗಲಿದೆಯಲ್ಲ ಎಂದು ಅದನ್ನು ಹೊರಗೆ ಒರೆಸಿ, ಒಳಗೂ ಅಳಿಸಿ ಲಕಲಕ ಮಾಡಿದ. ಹಾಡು ಬೇರೆ ಬಿಲ್ಲೆಯಲ್ಲಿದ್ದುದರಿಂದ ಬದುಕಿತು. ಆಸರೆಗಳೆಲ್ಲ ತೊಳೆದುಹೋದವು. ಎಲ್ಲಿಂದ ಹಾಡು ಶುರುವಾಗಬೇಕು ಎಂದು ಹಿರಿಯರು ಹಾಕಿಟ್ಟಿದ್ದ ಗುರುತೂ ಹೋಯಿತು. ಗುಂಡಿ ಒತ್ತಿದರೆ ಪೆಟ್ಟಿಗೆ ಬರೆದು ತೋರಿಸಿತು, ಹಾಡು ಇದೆ, ಹಾಡಲು ಬರುವುದಿಲ್ಲ ಎಂದು. ಪಂಪಣ್ಣ ನನ್ನ ಮುಖ ನೋಡಿದ. ಆಗ ನಾನು ಅವನಿಗೆ ಅಂದ ಮಾತುಗಳನ್ನು ಹಿರಿಯರಿಗೆ ಬರೆಯುವ ಕಾಗದದಲ್ಲಿ ಬರೆಯಬಾರದು.

ಇದರಲ್ಲಿ ಅಷ್ಟು ಗಾಬರಿಯಾಗುವುದೇನಿದೆ, ಇವತ್ತಲ್ಲದಿದ್ದರೆ ಇನ್ನೊಂದು ದಿನ ಹೆಸರಿಟ್ಟರಾಯಿತು ಎನ್ನುತ್ತೀರೇನೋ. ನಮ್ಮಲ್ಲಿ ಹೆಸರು ಕಚೇರಿ ಎಂಬುದೊಂದಿದೆ. ಮೊದಲ ಹಲ್ಲು ಮೂಡಿ ಕಚೇರಿಯ ಮುದ್ರೆ ಬೀಳುವ ಮುಂಚೆ ಮನೆಯವರು ಹೆಸರಿಡದಿದ್ದರೆ ಕಚೇರಿಯೇ ಇಡುತ್ತದೆ, ಇಟ್ಟದ್ದು ಮತ್ತೆ ಬದಲಾಗುವುದಿಲ್ಲ. ಕಚೇರಿಯ ಹತ್ತಿರ ಇರುವುದು ಒಂದೇ ಹೆಸರು, ತಾತ್ಕಾಲಿಕ. ನಮ್ಮ ಎದುರುಮನೆಯ ತಾತ್ಕಾಲಿಕ ಏಳು ಎಂಬವರಿಗೆ ಈಗ ತಲೆ ಬೋಳಾಗಿದೆ, ಮೊಮ್ಮಕ್ಕಳಿದ್ದಾರೆ. ಈಗಲೂ ಯಾರಾದರೂ ಕೂಗಿದರೆ ಅವರು ಒಂದು ನಿಟ್ಟುಸಿರು ಬಿಟ್ಟೇ ಓಗೊಡುತ್ತಾರೆ. ನನ್ನ ಸೋದರಸೊಸೆಗೆ ಆ ಗತಿ ಬರಬಾರದು ಎಂದು ನಾನು ಹಟ ಹಿಡಿದೆ. ನನಗೆ ಮಕ್ಕಳಿಲ್ಲ ಅಜ್ಜಿ. ಬದುಕಿನಲ್ಲಿ ಒಂದು ಕಿವಿಯಲ್ಲಿ ಒಂದು ಹೆಸರು ಹೇಳುವ ಹಕ್ಕು ನನಗಿದ್ದದ್ದು ಇದೊಂದೇ. ಅಷ್ಟರಲ್ಲಿ ಕೂಸು ಜೊಲ್ಲು ಸುರಿಸಿ ಕೈಗೆ ಸಿಕ್ಕಿದ್ದನ್ನು ಕಡಿಯಲು ಶುರು ಮಾಡಿತ್ತು.

ಪೆಟ್ಟಿಗೆ ಮೊದಲು ಕೇಳಿದ್ದು ಚಿತ್ರದ ಆಸರೆ. ಹಾಡಿಗೆ ಚಿತ್ರವೇಕೆ? ಹಾಡುವಾಗ ಹಾಡಿನ ಮೇಲೊಂದು ಚಿತ್ರ ತೋರಿಸುವುದು ನಿಮ್ಮ ಕಾಲದ ಪೆಟ್ಟಿಗೆಗಳ ಚಾಳಿಯಂತೆ. ಚಿತ್ರ ಇಲ್ಲದಿದ್ದರೂ ಅದನ್ನು ತೋರಿಸುವ ಶಕ್ತಿ ಇರಲೇಬೇಕಂತೆ. ಆ ಆಸರೆ ಇದ್ದದ್ದು ನಿವೃತ್ತ ಅಸುಂಡಿ ಮಾಸ್ತರರ ಮನೆಯಲ್ಲಿ. ಅವರನ್ನು ಯಾರೂ ಎಷ್ಟೋ ವರ್ಷಗಳಿಂದ ಕರೆದಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ವಿಷಯ ಹೇಳುವಷ್ಟರಲ್ಲಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಹಾಸಿಗೆ ಸುತ್ತಿಕೊಂಡು ನನ್ನ ಹಿಂದೆಯೇ ಬಂದುಬಿಟ್ಟರು. ತೊಟ್ಟಿಲ ದಿನ ಇನ್ನೂ ಗೊತ್ತಾಗಿಲ್ಲ ಎಂದೆ. "ನಡೀತದ, ನಾ ಅಲ್ಲೇ ಇರ್ತೇನಿ" ಅಂದರು. ಬಿಲ್ಲೆ ಕೂಡಿಸಿದರು. ಪೆಟ್ಟಿಗೆ ಮೇಲೆ ಖಾಲಿ ಚೌಕವೊಂದು ಮೂಡಿತು. ಮಾಸ್ತರರು ಅದನ್ನು ಬಹಳ ಹೊತ್ತು ಹೆಮ್ಮೆಯಿಂದ ನೋಡಿದರು.

ಇನ್ನು ಉಳಿದದ್ದು ಎರಡು. ದನಿ ಹೊರಡಿಸುವ ಶಬ್ದದ ಆಸರೆ ಹೊಂಬಾಳಿ ತಿಪ್ಪವ್ವನ ಮನೆಯದು. ಒತ್ತಿ ಮಡಚಿಟ್ಟ ಹಾಡನ್ನು ಬಿಡಿಸಿ ಹಾಸುವುದು ಬಿಚ್ಚುವ ಆಸರೆ, ಅದು ಮುಳಗುಂದ ಪಾರಕ್ಕನ ಮನೆಯದು. ಶಬ್ದದ ಆಸರೆ ಕೂರಬೇಕಾದರೆ ಬಿಚ್ಚುವ ಆಸರೆ ಮೊದಲೇ ಕೂತಿರಬೇಕು, ಬಿಚ್ಚುವ ಆಸರೆ ಕೂರಬೇಕಾದರೆ ಶಬ್ದದ ಆಸರೆ ಮೊದಲೇ ಕೂತಿರಬೇಕು ಎಂದು ಪೆಟ್ಟಿಗೆ ಬರೆಯಿತು. ಇದನ್ನು ಮಾಡಿದ ಪುಣ್ಯಾತ್ಮ ಯಾರೋ ನಿಮ್ಮ ಕಾಲದವನೇ ಇರಬೇಕು. ಸಿಕ್ಕರೆ ನನ್ನ ಪರವಾಗಿ ಅವನ ಕಿವಿ ಹಿಂಡಿ. ಕಾಪಾಡುವ ವಸ್ತುವಿನ ಗುಣ ಕಾಪಾಡುವವರಿಗೂ ಬಂದಿತ್ತು. ಯಾವುದೋ ಕಾಲದ ಮದುವೆಯಲ್ಲಿ ಮೊದಲು ಬಂದವರನ್ನು ಕಾಯಿಸಿ, ಆಮೇಲೆ ಬಂದವರಿಗೆ ಮೊದಲು ಎಲೆ ಹಾಕಿದ್ದರಂತೆ. ಕಾದವರು ತಾವೇ ಎಂದು ಈಗ ಎರಡೂ ಮನೆಯವರು ಹೇಳುತ್ತಾರೆ. "ಅವ್ರು ಬಂದು ಕುಂತ ಮ್ಯಾಲೆ ಹೇಳಿ ಕಳಸ್ರಿ, ಬರ್ತೀವಿ" ಎಂದಳು ತಿಪ್ಪವ್ವ. "ನಾವೇನು ಮೊದ್ಲ ಹೋಗಿ ಬಾಗಲಾ ಕಾಯೂ ಮಂದಿ ಅಲ್ಲ" ಎಂದಳು ಪಾರಕ್ಕ. ನಾನು ಎರಡು ಮನೆಗೂ ತಿರುಗಿ ತಿರುಗಿ ಚಪ್ಪಲಿ ಸವೆಸಿದೆ. ಎರಡೂ ಕಡೆ ಚಹಾ ಕೊಟ್ಟರು, ಮರ್ಯಾದೆ ಕೊಟ್ಟರು, ಬಿಲ್ಲೆ ಮಾತ್ರ ಜಗಲಿ ಬಿಟ್ಟು ಅಲುಗಲಿಲ್ಲ.

ಒಂದು ಬೆಳಗ್ಗೆ ಕೂಸಿನ ತಾಯಿ ಲೋಚನೆ ಅದರ ಕೆಳವಸಡಿನ ಮೇಲೆ ಬೆರಳಾಡಿಸಿ ಅಳುಮುಖ ಮಾಡಿಕೊಂಡು ಬಂದಳು. ಅಕ್ಕಿಕಾಳಿನ ತುದಿಯಷ್ಟು ಬಿಳುಪು ಚರ್ಮದ ಅಡಿಯಲ್ಲಿ ಕಾಣುತ್ತಿತ್ತು. ಏನಾದರೂ ಮಾಡುತ್ತಿರೋಣವೆಂದು ತೊಟ್ಟಿಲ ಸಾಮಾನು ತೆಗೆಯಲು ಅಟ್ಟ ಹತ್ತಿದೆ. ಅಲ್ಲಿ ಬಟ್ಟೆ ಸುತ್ತಿದ ಗುಂಡಕಲ್ಲು ಸಿಕ್ಕಿತು. ನಿಮ್ಮಲ್ಲಿಯೂ ಇದು ಇದ್ದೀತು. ತೊಟ್ಟಿಲ ಆಚೀಚೆ ಇಬ್ಬರು ಮುತ್ತೈದೆಯರು ನಿಂತು, ಒಬ್ಬರು ಕೂಸನ್ನು ತೊಟ್ಟಿಲ ಅಡಿಯಿಂದ ದಾಟಿಸುವಾಗಲೇ ಇನ್ನೊಬ್ಬರು ಗುಂಡಕಲ್ಲನ್ನು ಮೇಲಿನಿಂದ ದಾಟಿಸಬೇಕು. ಯಾರು ಮೊದಲು ಕೊಟ್ಟರು, ಯಾರು ಆಮೇಲೆ ಕೊಟ್ಟರು ಎಂದು ಯಾರೂ ಹೇಳಲಾರರು. ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಅಟ್ಟದ ಮೇಲೆಯೇ ನಕ್ಕುಬಿಟ್ಟೆ. ಕೆಳಗಿದ್ದ ಪಂಪಣ್ಣ ಅಕ್ಕನಿಗೆ ತಲೆ ಕೆಟ್ಟಿತೆಂದು ಹೆದರಿದ.

ಅಂದೇ ಹೋಗಿ ಇಬ್ಬರನ್ನೂ ಆಸರೆಗೆಂದು ಕರೆಯದೆ ತೊಟ್ಟಿಲ ಎರಡು ಬದಿಗೆ ನಿಲ್ಲಲು ಕರೆದೆ. ಆ ಮರ್ಯಾದೆಯನ್ನು ಯಾವ ಹೆಂಗಸೂ ಬಿಡುವುದಿಲ್ಲ. ಬರುವಾಗ ಬಿಲ್ಲೆಯೂ ಸೆರಗಿನಲ್ಲಿರಲಿ ಎಂದೆ. ಹೊಸ್ತಿಲನ್ನು ಯಾರು ಮೊದಲು ದಾಟಬೇಕೆಂಬ ತಕರಾರು ಬೇಡವೆಂದು ತೊಟ್ಟಿಲನ್ನು ಅಂಗಳದಲ್ಲಿ ಗಾಳಿಮರದ ಕಾಲಿಗೇ ಕಟ್ಟಿಸಿದೆ. ಒಬ್ಬಳು ಮೂಡಲಿಂದ ಬಂದಳು, ಒಬ್ಬಳು ಪಡುವಲಿಂದ ಬಂದಳು, ಇಬ್ಬರೂ ತಂತಮ್ಮ ಮೂಲೆಯ ಮರೆಯಲ್ಲಿ ನಿಂತು ಮತ್ತೊಬ್ಬಳು ಹೊರಬೀಳುವುದನ್ನೇ ಕಾದರು. ಕೊನೆಗೆ ಹೋಳಿಗೆಯ ವಾಸನೆ ಇಬ್ಬರನ್ನೂ ಒಟ್ಟಿಗೇ ಎಳೆದು ತಂದಿತು. ಅದೇ ವಾಸನೆಗೆ ಹೆಸರು ಕಚೇರಿಯ ಹಲ್ಲುನೋಡುಗನೂ ಬಂದ. ಕೂಸುಗಳ ಬಾಯಿ ತೆರೆಸಿ ನೋಡಿ ಮುದ್ರೆ ಒತ್ತುವುದು ಅವನ ಕೆಲಸ. "ಉಣ್ಣೂದು ಆಮ್ಯಾಲೆ, ಮೊದ್ಲ ಬಾಯಿ ತೋರಸ್ರಿ" ಅಂದ. ನಮ್ಮ ಕೂಸು ಅವನನ್ನು ನೋಡಿದ್ದೇ ತುಟಿ ಬಿಗಿದುಕೊಂಡಿತು. ಆ ಬುದ್ಧಿ ನನ್ನ ಕಡೆಯಿಂದಲೇ ಬಂದದ್ದು.

ಕೂಸು ಅಡಿಯಿಂದ ಹೋಯಿತು, ಕಲ್ಲು ಮೇಲಿನಿಂದ ಬಂತು. ಅದೇ ಕೈ ಹಾಗೇ ಮುಂದುವರಿಸಿ ಎಂದೆ. ತಿಪ್ಪವ್ವ ಪೆಟ್ಟಿಗೆಯ ಎಡಕ್ಕೆ, ಪಾರಕ್ಕ ಬಲಕ್ಕೆ, ಇಬ್ಬರೂ ಒಂದೇ ಉಸಿರಿಗೆ ಬಿಲ್ಲೆ ಒತ್ತಿದರು. ಪೆಟ್ಟಿಗೆ ಒಂದು ಗಳಿಗೆ ತಬ್ಬಿಬ್ಬಾಯಿತು. ಆಮೇಲೆ, ಎಲ್ಲರೂ ಕೂತಿದ್ದಾರೆ ಎಂದು ಬರೆಯಿತು. ಅಂಗಳದಲ್ಲಿ ಚಪ್ಪಾಳೆ ಬಿತ್ತು. ನಾನು ಕೂಸಿನ ಕಿವಿಗೆ ಬಾಗಿ, ಲೋಚನೆ ಆರಿಸಿಟ್ಟಿದ್ದ ಜ್ಯೋತಿರ್ಮಯೀಶ್ವರಿ ಎಂಬ ಹೆಸರನ್ನು ಬಾಯಿಪಾಠ ಮಾಡುತ್ತ ಮೊದಲ ಸಾಲಿಗಾಗಿ ಕಾದೆ. ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದು ಪದ್ಧತಿಯಲ್ಲವೇ, ಅವರೂ ಕೈ ಎತ್ತಿ ತಯಾರಾದರು.

ಆದರೆ ಬಂದದ್ದು ಹಾಡಲ್ಲ. ಹಿರಿಯರ ಗುರುತು ತೊಳೆದುಹೋಗಿತ್ತಲ್ಲ, ಪೆಟ್ಟಿಗೆ ಮೊಟ್ಟಮೊದಲಿನಿಂದ ಶುರು ಮಾಡಿತು. ಏನೋ ಬಿದ್ದ ಸದ್ದು, ಒಂದು ಕೆಮ್ಮು, ಆಮೇಲೆ ನಾವ್ಯಾರೂ ಎಂದೂ ಕೇಳದ ನಿಮ್ಮ ಮಾತಿನ ದನಿ. "ಹಾಂ, ಹತ್ತೈತೇನದು? ಮುಂಜಾನಿಂದ ಅದನ್ನ ಇನ್‌ಸ್ಟಾಲ್ ಮಾಡ್ಬೇಕು, ಇದನ್ನ ಇನ್‌ಸ್ಟಾಲ್ ಮಾಡ್ಬೇಕು ಅಂತ ಕುಂದ್ರಿಸ್ಯಾರ. ಒಂದು ಜೋಗಳಕ್ಕ ಇಷ್ಟು ಮಂದಿ ಬೇಕೇನು?" ಹಿಂದಿನಿಂದ ಯಾರೋ ಹಿರಿಯಾಕೆ, "ಏ ನಿಂಬೆವ್ವಾ, ಸಾಕು ಮಾಡಿ ಹಾಡಬೇ" ಎಂದು ಗದರಿದಳು. ನೀವು, "ಮೊಣಕಾಲು ಹಿಡಕೊಂಡಾವ, ನಾಳೆ ತೊಟ್ಟಲಕ್ಕ ಬರಾಕ ಆಗೂದಿಲ್ಲವಾ. ಇದೊಂದು ಸಲ ಪೆಟ್ಟಿಗಿ ಹಚ್ರಿ. ಮುಂದಿನ ಸಲ ನಾನ ಬಂದು ಹಾಡತೇನಿ" ಎಂದಿರಿ.

ಇದೊಂದು ಸಲ! ಅಜ್ಜಿ, ಇಷ್ಟು ತಲೆಮಾರು ನಾವು ಮಾಡಿಕೊಂಡು ಬಂದದ್ದು ಆ ಇದೊಂದು ಸಲವನ್ನೇ. ನಿಮ್ಮ ಮೊಣಕಾಲು ಹಿಡಿದುಕೊಂಡದ್ದೇ ನಮಗೆ ಶಾಸ್ತ್ರವಾಗಿ ಕೂತಿತ್ತು. ಮೊದಲು ನಕ್ಕವಳು ತಿಪ್ಪವ್ವ, ಆಮೇಲೆ ಪಾರಕ್ಕ, ಆ ನಗುವಿಗೆ ಕೂಸೂ ಬಾಯಿ ಅಗಲಿಸಿ ಕೇಕೆ ಹಾಕಿತು. ಹಲ್ಲು ಬೆಳ್ಳಗೆ ಹೊರಗೇ ಬಂದಿತ್ತು. ಹಲ್ಲುನೋಡುಗ ಮುದ್ರೆ ತೆಗೆದ. ಅದೇ ಹೊತ್ತಿಗೆ ಪೆಟ್ಟಿಗೆಯಲ್ಲಿ ನೀವು ಎತ್ತಿಕೊಂಡಿರಿ, "ಜೋ ಅಂತ ತೂಗೇನ ಜೋಳದ ಹಾಲತೆನಿಯ" ಎಂದು. ನಾನು ಪದ್ಧತಿಯಂತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದೆ. ಬೆನ್ನಿಗೆ ಗುದ್ದು ಬಿತ್ತು. ಗುದ್ದಿನ ರಭಸಕ್ಕೋ, ಕಣ್ಣಲ್ಲಿ ನೀರು ತುಂಬಿದ್ದಕ್ಕೋ, ಬಾಯಿಪಾಠ ಮಾಡಿದ ಹೆಸರು ಎಲ್ಲಿ ಹಾರಿತೋ ಗೊತ್ತಿಲ್ಲ. ನನ್ನ ಬಾಯಿಂದ ಬಂದದ್ದು ನಿಂಬೆವ್ವ.

ಮುದ್ರೆ ಬೀಳುವ ಮೊದಲೇ ಹೆಸರು ಕಿವಿಗೆ ಬಿದ್ದಿತ್ತು, ಹಲ್ಲುನೋಡುಗ ಅದನ್ನೇ ಬರೆದುಕೊಂಡು ಉಣ್ಣಲು ಕೂತ. ಲೋಚನೆ ಕೆಲವು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಈಗ ಅವಳೇ ನಿಂಬೂ ನಿಂಬೂ ಎಂದು ಮನೆಯೆಲ್ಲ ಓಡಾಡುತ್ತಾಳೆ. ತಿಪ್ಪವ್ವ, ಪಾರಕ್ಕ ಅಂದು ಒಂದೇ ಪಂಕ್ತಿಯಲ್ಲಿ ಕೂತು ಉಂಡರು, ಬಡಿಸಲು ಎರಡು ಕಡೆಯಿಂದ ಇಬ್ಬರನ್ನು ನಿಲ್ಲಿಸಿದ್ದೆ. ಅಸುಂಡಿ ಮಾಸ್ತರರು ಇನ್ನೂ ನಮ್ಮ ಮನೆಯಲ್ಲೇ ಇದ್ದಾರೆ. ಖಾಲಿ ಚೌಕಕ್ಕೆ ದಿನಾ ಧೂಳು ಒರೆಸುತ್ತಾರೆ.

ಇನ್ನು ನನ್ನ ಬೇಡಿಕೆ. ನಿನ್ನ ದನಿ ಕೇಳಿದ ಮೇಲೆ ನೀವು ಎನ್ನಲು ನನಗೆ ಆಗುತ್ತಿಲ್ಲ, ನಮ್ಮಲ್ಲಿ ಅಜ್ಜಿಯನ್ನು ಯಾರೂ ಹಾಗೆ ಕರೆಯುವುದಿಲ್ಲ. ಈ ಕಾಗದ ಮುಟ್ಟುವಾಗ ನೀನು ಇನ್ನೂ ಆ ಹಾಡನ್ನು ಪೆಟ್ಟಿಗೆಗೆ ತುಂಬಿರಲಿಕ್ಕಿಲ್ಲ. ತುಂಬುವ ದಿನ ಮೊದಲಿನ ಬೈಗುಳ ಒಂದೂ ಬಿಡಬೇಡ. ಮತ್ತೆ, ದನಿ ಚೆನ್ನಾಗಿರಲಿ ಬಿಡಲಿ, ಯಾವಳಾದರೂ ಒಬ್ಬಳನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಜೋಗುಳ ಬಾಯಿಂದ ಬಾಯಿಗೆ ಕಲಿಸು. ಅದಕ್ಕೆ ಯಾವ ಆಸರೆಯೂ ಬೇಡ. ಮುಂದಿನ ಸಲ ಬಂದು ಹಾಡುತ್ತೇನೆ ಎಂದು ನೀನು ಹೇಳಿದ್ದೆ, ಅದರ ಚಿಂತೆ ಬೇಡ. ತಡವಾಗಿ ನಮ್ಮ ತೊಟ್ಟಿಲಿಗೇ ಬಂದೆ, ಹಾಡುವುದಕ್ಕೆ ಇನ್ನೂ ಬಾಯಿ ಬಂದಿಲ್ಲ, ಹಲ್ಲು ಒಂದೇ ಇದೆ. ಆದರೂ ಬಂದೆಯಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ. ಗಾಳಿ ಬಿದ್ದಿದೆ, ಪೆಟ್ಟಿಗೆ ಸುಮ್ಮನಾಗಿದೆ, ತೊಟ್ಟಿಲಲ್ಲಿ ನೀನು ಎದ್ದು ಅಳುತ್ತಿದ್ದೀ. ಮೊದಲ ಸಾಲು ನನಗೆ ಬರುತ್ತದೆ. ತಾಳು ನಿಂಬೆವ್ವ, ಬಂದೆ.

ನಿನ್ನ ಸೋದರತ್ತೆ
ರುದ್ರಾಂಬೆ