ಮೊದಲ ಗುಟುಕು ಮಣ್ಣಿಗೆ

ಬ್ಲ್ಯಾಕ್‌ಟೌನ್, ಸಿಡ್ನಿ
೨೦ ಆಗಸ್ಟ್ ೨೦೨೫

ಮಗಳು ರುದ್ರಾಣಿಗೆ ಅಪ್ಪನ ಆಶೀರ್ವಾದ.

ಏಳು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಫೋನಿನಲ್ಲಿ ನನ್ನ ಬಾಯಿ ಮುಂದೆ ಓಡುತ್ತದೆ, ಕಾಗದದಲ್ಲಾದರೆ ಹೊಡೆದುಹಾಕಬಹುದು. ನೀನು ಕ್ರೈಸ್ತಳಾಗಿ ಚರ್ಚಿನಲ್ಲಿ ಎಡ್ಗರ್‌ನನ್ನು ಮದುವೆಯಾಗುತ್ತೇನೆ ಎಂದಾಗ, ಧರ್ಮ ಬಿಟ್ಟವಳ ಮದುವೆಗೆ ಮೆಲ್ಬರ್ನ್‌ಗೆ ಬರುವುದಿಲ್ಲ ಎಂದಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಮಾರಿದ ಮಾಲನ್ನೇ ವಾಪಸ್ ತೆಗೆದುಕೊಳ್ಳದ ಅಂಗಡಿಯವನು ನಾನು, ಕಾರಣ ಹೇಳಬೇಕಲ್ಲ.

ಹೋದ ಭಾನುವಾರ ಎಡ್ಗರ್‌ನ ಅಜ್ಜಿ, ಪೆರು ದೇಶದ ಫೌಸ್ಟಿನಾ, ಮೊಮ್ಮಗಳ ಜೊತೆ ಅಂಗಡಿಗೆ ಬಂದರು. ಜಗಳಕ್ಕೇ ಬಂದರೆಂದು ನಾನೂ ತಯಾರಾದೆ. ಅಜ್ಜಿ ಶೇಂಗಾ ಚೀಲಕ್ಕೆ ಕೈಹಾಕಿ, ನಾಲ್ಕು ಕಾಳು ಬಾಯಿಗೆಸೆದುಕೊಂಡು, ಇದು ನಮ್ಮ ಕಡೆಯದು ಎಂದರು. ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಮೆಣಸಿನಕಾಯಿ, ಆಲೂಗಡ್ಡೆ, ಗೋವಿನಜೋಳ ಎಲ್ಲವನ್ನೂ ಯುರೋಪಿನವರು ಆ ಕಡೆಯಿಂದಲೇ ಹಡಗಿಗೆ ತುಂಬಿಕೊಂಡು ಹೋದರಂತೆ. ಕಪಾಟುಗಳ ಮೇಲೆ ಕಣ್ಣಾಡಿಸಿದೆ. ಅರ್ಧ ಅಂಗಡಿ ಬೀಗರದೇ. ಶೇಂಗಾ ಹೋಳಿಗೆ ಮಾತ್ರ ನಮ್ಮದು ಎಂದು ಹಟ ಹಿಡಿದೆ. ಒಪ್ಪಿದರು.

ಹಿತ್ತಲಲ್ಲಿ ಕೂರಿಸಿ ಚಹಾ ಕೊಟ್ಟೆ. ಕುಡಿಯುವ ಮೊದಲೇ ಒಂದಿಷ್ಟು ನೆಲಕ್ಕೆ ಚೆಲ್ಲಿದರು. ಊರಿನಲ್ಲಿ ಯಾರು ಯಾರ ಮನೆಯ ನೀರು ಚೆಲ್ಲುತ್ತಿದ್ದರು ಎಂಬುದನ್ನು ನೋಡಿ ಬೆಳೆದವನು ನಾನು. ಮೈ ಉರಿಯಿತು, ಬಾಯಿಗೆ ಕನ್ನಡವೇ ಬಂತು: “ಯಾಕ, ನಮ್ಮ ಮನಿ ಚಾ ನಡಿಯಂಗಿಲ್ಲೇನು?”

ನನ್ನ ಮುಖ ನೋಡಿಯೇ ಮೊಮ್ಮಗಳಿಗೆ ಅರ್ಥವಾಯಿತು. ಮೊದಲ ಗುಟುಕು ಭೂಮಿತಾಯಿಗೆ, ಅದು ನಮ್ಮ ಪದ್ಧತಿ ಎಂದಳು. ಎಳ್ಳಮವಾಸ್ಯೆಯ ದಿನ ನಮ್ಮವ್ವ ಹೊಲದ ಸುತ್ತ ಚರಗ ಚೆಲ್ಲಿ, ಭೂಮಿಗೆ ಉಣಿಸಿದ ಮೇಲೆಯೇ ನಮಗೆ ಬಡಿಸುತ್ತಿದ್ದಳು.

ಆದರೂ ಬಿಡದೆ, ಚರ್ಚಿಗೆ ಹೋಗುವವರು ಹೀಗೆ ಮಾಡಿದರೆ ಪಾದ್ರಿ ಬೈಯುವುದಿಲ್ಲವೇ ಎಂದೆ. ಸ್ಪೇನಿನವರು ಬಂದು ಅವರ ಗುಡಿಗಳನ್ನು ಕೆಡವಿ, ಅದೇ ಕಲ್ಲಿನ ಮೇಲೆ ಚರ್ಚು ಕಟ್ಟಿದ್ದನ್ನು, ಹಿರಿಯರ ತಲೆಗೆ ನೀರು ಹಾಕಿ ಹೆಸರು ಬದಲಿಸಿದ್ದನ್ನು ಅಜ್ಜಿ ನಿನ್ನೆಯ ಸುದ್ದಿಯ ಹಾಗೆ ಹೇಳಿದರು. ಆಮೇಲೆ ಕಪ್ ಕೆಳಗಿಟ್ಟು ಹೇಳಿದ್ದು ಇಷ್ಟು:

“ಯೇಸು ಈಗ ನನ್ನವನೇ. ಭೂಮಿಯೂ ನನ್ನದೇ. ನಮ್ಮವರನ್ನು ಬಲವಂತ ಮಾಡಿದರು. ನಿಮ್ಮ ಹುಡುಗಿಯನ್ನು ನಾವು ಬಲವಂತ ಮಾಡಿಲ್ಲ. ನೀವು ಯಾಕೆ ಮಾಡುತ್ತೀರಿ?”

ವಾದ ಬಿಟ್ಟು ಅವರ ಕಪ್ಪಿಗೆ ಮತ್ತೆ ಚಹಾ ಹಾಕಿದೆ. ಅದೆಷ್ಟು ಅಪರೂಪವೆಂದು ನಿನಗೆ ಗೊತ್ತು.

ಅಕ್ಟೋಬರ್‌ನಲ್ಲಿ ನಾನೂ ನಿಮ್ಮವ್ವನೂ ಬರುತ್ತೇವೆ. ಒಂದೇ ಕರಾರು: ಎಳ್ಳಮವಾಸ್ಯೆಗೆ ಟಾರ್ನೀಟಿನ ನಿಮ್ಮ ಮನೆಯ ಹಿತ್ತಲಲ್ಲಿ ಇಬ್ಬರೂ ಚರಗ ಚೆಲ್ಲಿರಿ. ಇದು ಬಲವಂತವಲ್ಲ, ಚೌಕಾಸಿ. ಚರ್ಚಿನಲ್ಲಿ ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಎಡ್ಗರ್ ಬರೆದು ಕಳಿಸಲಿ. ಎಲ್ಲರೂ ಕೂತ ಮೇಲೆ ನಾನೊಬ್ಬನೇ ಕಂಬದ ಹಾಗೆ ನಿಂತಿರುವುದು ಬೇಡ.

ನಿನ್ನ ಅಪ್ಪ,
ಶಂಭುಲಿಂಗ

ತಾ.ಕ.: ಧರ್ಮ ಬಿಟ್ಟವಳು ಎಂದು ನಿನ್ನನ್ನು ಅಂದೆನಲ್ಲ, ನನ್ನ ಕೊರಳಲ್ಲಿರುವ ಬೆಳ್ಳಿ ಕರಡಿಗೆ ಒಂಬತ್ತು ವರ್ಷದಿಂದ ಖಾಲಿ. ಮನೆ ಬದಲಿಸುವಾಗ ಒಳಗಿನ ಲಿಂಗ ಎಲ್ಲೋ ಕಳೆಯಿತು, ಮತ್ತೊಂದು ಕಟ್ಟಿಸಿಕೊಳ್ಳಲಿಲ್ಲ. ನಿಮ್ಮವ್ವನಿಗೆ ನಾನೇ ಹೇಳುತ್ತೇನೆ. ನಿನ್ನ ಮದುವೆ ಮುಗಿಯಲಿ.