ಯಾವುದಕ್ಕೆ ಅಂತ ಹೇಳಿ, ಶೇಠ್

ಜುಲೈ ೩, ಬೆಳಿಗ್ಗೆ

ಹಲ್ಲುಜ್ಜುವ ಮೊದಲೇ ಫೋನ್ ತೆಗೆದು ಗೂಗಲಿನಲ್ಲಿ ಅಣ್ಣ ಮೋಟಾಭಾಯಿಯ ಹೆಸರು ಒತ್ತಿದೆ. ಸೇವಂತಿಲಾಲ್ ವೋರಾ, ಸೂರತ್. ಮೊದಲನೆಯದು ಅದೇ ವಿಡಿಯೋ. ಎರಡನೆಯದೂ ಅದೇ, ಬೇರೆ ಯಾರೋ ಹಾಕಿದ್ದು. ಮೂರನೆಯದು ನಮ್ಮ ಕಾರ್ಖಾನೆಯ ವಿಳಾಸ, ಅದರ ಕೆಳಗೆ ಒಂಟಿ ನಕ್ಷತ್ರ.

ಮತ್ತೆ ಒತ್ತಿದೆ. ಎರಡು ನಿಮಿಷದಲ್ಲಿ ಏನು ಬದಲಾದೀತು? ಆದರೂ ಒತ್ತಿದೆ.

ನಿನ್ನೆ ಫೋನಿನಲ್ಲಿ ಫ್ರೇನಿಬಾಯಿ ಗದರಿದ್ದರು, ಅಣ್ಣನ ಹೆಸರು ತೊಳೆಯಲು ನಾವು ಹಿಡಿದಿರುವ ಮುಂಬೈಯವರು. "ಅರೆ ಕನುಶೇಠ್, ನೀವು ದಿನಾ ಐವತ್ತು ಸಲ ಅದನ್ನ ತೆರೆದು ನೋಡಿದ್ರೆ, ಜನಕ್ಕೆ ಇದೇ ಬೇಕು ಅಂತ ಗೂಗಲ್ ತಿಳ್ಕೊಳುತ್ತೆ. ಅದನ್ನ ಮೇಲೆ ಎತ್ತಿ ಹಿಡ್ಕೊಂಡಿರೋರು ನೀವೇ!"

ಅಣ್ಣನ ಮಾನ ಕಳೆಯುತ್ತಿರುವವನು ನಾನೇ ಆದೆನೇ? ಇನ್ನು ತೆರೆಯುವುದಿಲ್ಲ. ಹೆಸರು ಒತ್ತಿ ದೂರದಿಂದ ನೋಡುತ್ತೇನೆ, ಅಷ್ಟೆ.

ಜುಲೈ ೫

ಎದೆಯಲ್ಲಿ ಇಟ್ಟುಕೊಳ್ಳಬೇಡಿ, ಬರೆದು ಹಾಕಿ ಅಂದಿದ್ದಾರೆ ಡಾಕ್ಟರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸಾಣೆಚಕ್ರದ ಮುಂದೆ ಕೂತವನು ನಾನು. ಆದರೂ ಬರೆಯುತ್ತೇನೆ.

ಫೆಬ್ರವರಿಯಲ್ಲಿ ನಮ್ಮ ವಜ್ರದ ಕಾರ್ಖಾನೆಯಲ್ಲಿ ಒಂದು ಹರಳು ಕಾಣೆಯಾಯಿತು. ಕೊನೆಗೆ ಅದನ್ನು ಹಿಡಿದಿದ್ದವನು ಅರ್ಜಣ್ ಚಾವಡಾ — ಹಳೆಯ ಕಾರೀಗರ, ಸಾಣೆಯಲ್ಲಿ ಒಳ್ಳೆಯ ಕೈ. ಮೋಟಾಭಾಯಿ ಕೆಳಗಿಳಿದು ಬಂದು, ಎಲ್ಲರೆದುರು ಅವನ ಶರ್ಟ್ ಬಿಚ್ಚಿಸಿ, ಜೇಬು ತಿರುವಿಸಿ, "ಕಳ್ಳನ ಕೈಗೆ ನನ್ನ ಮಾಲು ಕೊಟ್ಟೆನಲ್ಲ" ಅಂದರು. ಯಾರೋ ಫೋನಿನಲ್ಲಿ ಹಿಡಿದು ಹಾಕಿದ್ದೇ ಆ ವಿಡಿಯೋ. ಅರ್ಜಣ್ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ನಿಂತಿದ್ದಾನೆ. ಮೋಟಾಭಾಯಿಯ ಬೆರಳು ಅವನ ಮುಖದ ಮುಂದೆ.

ಮೂರನೇ ದಿನ ಹರಳು ಸಿಕ್ಕಿತು. ಮೋಟಾಭಾಯಿಯ ಮೇಜಿನ ಮೇಲೆ, ಅವರದೇ ತಕ್ಕಡಿಯ ಅಡಿಯಲ್ಲಿ. ಅಷ್ಟರಲ್ಲಿ ಅರ್ಜಣ್ ಕೆಲಸ ಬಿಟ್ಟು ಹೋಗಿದ್ದ. ಯಾರೂ ಕರೆಯಲಿಲ್ಲ. ಮೋಟಾಭಾಯಿ ತಕ್ಕಡಿಯನ್ನೇ ಬೇರೆ ಕೋಣೆಗೆ ಹಾಕಿಸಿದರು.

ಈಗ ವಿದೇಶದ ಆಂಟ್ವರ್ಪ್ ವ್ಯಾಪಾರಿಗಳ ಚಿಂತೆ. ಅಪ್ಪನ ಕಾಲದಿಂದ ಕಚ್ಚಾ ಹರಳು ಅವರೇ ಕೊಡುತ್ತಿರುವುದು. ಸೆಪ್ಟೆಂಬರ್ ಕೊನೆಗೆ ಕರಾರು ಹೊಸದಾಗಬೇಕು. ಮೊದಲಾದರೆ ಮುಖ ನೋಡಿ ಕೊಡುತ್ತಿದ್ದರು. ಈಗ ಹೆಸರು ಒತ್ತಿ ನೋಡಲಿಕ್ಕೆಂದೇ ಅಲ್ಲಿ ಒಬ್ಬ ಮನುಷ್ಯನಿದ್ದಾನಂತೆ. ಅವನು ಒತ್ತಿದಾಗ ಅದೇ ಮೊದಲು ಬಂದರೆ... ಕಾರ್ಖಾನೆಗೆ ಬೀಗ.

ಜುಲೈ ೨೨, ಮಧ್ಯಾಹ್ನ

ಫ್ರೇನಿಬಾಯಿ ಮುಂಬೈಯಿಂದ ಬಂದಿದ್ದರು. ದೊಡ್ಡ ಮನೆತನಗಳ ಹೆಸರಿಗೆ ಅಂಟಿದ ಮಸಿ ಕಣ್ಣಿಗೆ ಬೀಳದ ಹಾಗೆ ಮಾಡುವುದು ಅವರ ವೃತ್ತಿ. ಪಾರ್ಸಿ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಹೊಟ್ಟೆ ಅಲುಗುವ ಹಾಗೆ ನಗು. ಬಂದವರೇ ಎರಡು ತಟ್ಟೆ ಲೋಚೋ ತರಿಸಿಕೊಂಡು ತಿಂದರು.

ದುಬೈಯಲ್ಲಿರುವ ಅಳಿಯ ಫೋನಿನಲ್ಲಿ ಹೇಳಿಕೊಟ್ಟಿದ್ದನ್ನೇ ಕೇಳಿದೆ. "ಆ ವಿಡಿಯೋ ನಮ್ಮದೇ, ಕದ್ದು ಹಾಕಿದ್ದಾರೆ ಅಂತ ಒಂದು ಸುಳ್ಳು ದೂರು ಕೊಟ್ಟು ತೆಗೆಸಿಬಿಡೋಕೆ ಆಗಲ್ವಾ?"

"ಆಗುತ್ತೆ. ಮಾಡೋರೂ ಇದ್ದಾರೆ. ನಾನು ಮಾಡಲ್ಲ," ಅಂದರು. "ಸಿಕ್ಕಿಬಿದ್ರೆ ಒಂದು ಸುದ್ದಿ ಇದ್ದದ್ದು ಎರಡಾಗುತ್ತೆ. ನಾನು ಏನನ್ನೂ ಅಳಿಸಲ್ಲ, ಕನುಶೇಠ್. ಅದರ ಮುಂದೆ ಬೇರೆಯದನ್ನ ನಿಲ್ಲಿಸ್ತೀನಿ. ಅದೂ ನಿಜವಾಗಿ ನಡೆದದ್ದನ್ನ. ನಿಮ್ಮಣ್ಣ ಜೀವನದಲ್ಲಿ ಮಾಡಿದ ಒಳ್ಳೇದು ಏನಾದ್ರೂ ಇದೆಯೋ, ಬರೀ ಹರಳೇ ನೋಡ್ತಾ ಕೂತಿದ್ರೋ?"

ಇದೆ. ಎಷ್ಟೊಂದು! ಹೆಣ್ಣುಮಕ್ಕಳ ಹಾಸ್ಟೆಲ್ಲು, ಪಾಂಜರಾಪೋಳದ ದೊಡ್ಡಿಯಲ್ಲಿ ಸಾಕುತ್ತಿರುವ ಮುದಿ ಎತ್ತುಗಳು, ಪ್ರವಾಹದ ವರ್ಷ ಅಡಾಜಣದಲ್ಲಿ ದೋಣಿಯಲ್ಲಿ ಹಂಚಿದ ಊಟ. ಎಲ್ಲೂ ಹೇಳಿಕೊಂಡವರಲ್ಲ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣು ತುಂಬಿತು. ಫ್ರೇನಿಬಾಯಿ ಬರೆದುಕೊಳ್ಳುವುದನ್ನು ನಿಲ್ಲಿಸಿ ಕರವಸ್ತ್ರ ಕೊಟ್ಟರು. "ಅಳು ಆಮೇಲೆ. ಫೋಟೋ ಇದೆಯಾ?"

ಎಂಥ ಕೆಲಸಗಾರ್ತಿ! ಸಾಣೆ ಹಿಡಿಯುವವನಿಗೆ ಹರಳಿನ ಯಾವ ಮುಖಕ್ಕೆ ಬೆಳಕು ಬೀಳುತ್ತದೆಂದು ಗೊತ್ತಿರುವ ಹಾಗೆ ಈಕೆಗೆ ಗೊತ್ತು.

ಆಗಸ್ಟ್ ೧೯

ಎರಡನೇ ಪುಟ! ವಿಡಿಯೋ ಎರಡನೇ ಪುಟಕ್ಕೆ ಹೋಗಿದೆ! ಮೊದಲ ಪುಟದಲ್ಲಿ ಹಾಸ್ಟೆಲ್ಲು, ಎತ್ತು, ದೋಣಿ, ಮೋಟಾಭಾಯಿಯ ಸಂದರ್ಶನ. "ಎರಡನೇ ಪುಟ ಅಂದ್ರೆ ಹಿತ್ತಲು, ಯಾರೂ ಹೋಗಲ್ಲ," ಅಂತಾರೆ ಫ್ರೇನಿಬಾಯಿ.

ಮೋಟಾಭಾಯಿ ಇವತ್ತು ಮಹಿಧರಪುರಾದ ವಜ್ರದ ಬೀದಿಗೆ ಬಂದರು. ಎಷ್ಟೋ ತಿಂಗಳಾದ ಮೇಲೆ. ಸ್ಕೂಟರ್ ಮೇಲೆ ಕೂತು ಹರಳು ನೋಡುತ್ತಿದ್ದ ಹಳೇ ದಲಾಲನೊಬ್ಬ ಎದ್ದು ಕೈಮುಗಿದ. "ಏನು ಸೇವಂತಿಭಾಯ್, ಎತ್ತಿನ ಜೊತೆ ಫೋಟೋ ತೆಗೆಸ್ಕೊಂಡಿದ್ದೀರಿ! ಇಬ್ಬರೂ ಚೆನ್ನಾಗಿ ಬಂದಿದ್ದೀರಿ."

ಮೋಟಾಭಾಯಿ ನಕ್ಕರು. ನಕ್ಕರು! ಆದರೆ ಕಾರಿನಲ್ಲಿ ಮನೆ ತನಕ ಮಾತಿಲ್ಲ. ಎದೆ ನೋವೇ? ಕೇಳಿದೆ. ಇಲ್ಲ ಅಂದರು. ಮತ್ತೆ ಕೇಳಿದೆ. ಬೈದರು.

ಸೆಪ್ಟೆಂಬರ್ ೧೨

ನಮ್ಮ ಜೈನರ ಪರ್ಯುಷಣ ಶುರು. ಅತ್ತಿಗೆ ವಸುಭಾಭಿ ಎಂಟೂ ದಿನ ಉಪವಾಸ. ಕಾಯಿಸಿದ ನೀರು ಮಾತ್ರ, ಅದೂ ಹೊತ್ತು ಮುಳುಗುವುದರೊಳಗೆ. ಈ ವಯಸ್ಸಿಗೆ, ಸಕ್ಕರೆ ಕಾಯಿಲೆ ಬೇರೆ... ಹೇಳಿದರೆ ಕೇಳುವವರಲ್ಲ. "ಕನುಭಾಯ್, ಉಪವಾಸ ನಂದು, ಹೊಟ್ಟೆ ಸಂಕಟ ನಿಮ್ದು," ಅಂತ ನಗುತ್ತಾರೆ.

ಫ್ರೇನಿಬಾಯಿ ಫೋನ್ ಮಾಡಿದ್ದರು. "ಕೊನೇ ದಿನ ನೀವೆಲ್ಲ ಕ್ಷಮೆ ಕೇಳ್ತೀರಲ್ಲ, ಅದನ್ನ ಬಿಡಬಾರದು." ಮೋಟಾಭಾಯಿ ಕೈಮುಗಿದ ಚಿಕ್ಕ ವಿಡಿಯೋ ತೆಗೆಸಿದ್ದಾಯಿತು. ಪ್ರತಿ ವರ್ಷ ಎಲ್ಲ ಮನೆಗಳಲ್ಲೂ ಹೇಳುವ ಮಾತೇ — ತಿಳಿದೋ ತಿಳಿಯದೆಯೋ, ಮನಸ್ಸಿನಿಂದ ಮಾತಿನಿಂದ ದೇಹದಿಂದ ನೋಯಿಸಿದ್ದರೆ ಕ್ಷಮಿಸಿ, ಮಿಚ್ಛಾಮಿ ದುಕ್ಕಡಂ. ಕೊನೆಯ ದಿನ, ಸಂವತ್ಸರಿಯ ಸಂಜೆ ಏಳಕ್ಕೆ ತಾನಾಗಿಯೇ ಹೋಗುವ ಹಾಗೆ ಇಟ್ಟಿದ್ದಾರೆ. ಜಾಲತಾಣಕ್ಕೂ, ಕಾರ್ಖಾನೆಯ ಫೋನಿನಲ್ಲಿರುವ ಎಲ್ಲ ನಂಬರುಗಳಿಗೂ.

ಸೆಪ್ಟೆಂಬರ್ ೧೯, ರಾತ್ರಿ

ಮುನಿಗಳ ಉಪಾಶ್ರಯದಲ್ಲಿ ಪ್ರತಿಕ್ರಮಣಕ್ಕೆ ಕೂತಿದ್ದೆವು. ಫೋನು ಮನೆಯಲ್ಲಿ. ವರ್ಷದ ಪಾಪವನ್ನೆಲ್ಲ ನೆನೆದು ಮುಗಿಸಿ, ಅಕ್ಕಪಕ್ಕದವರಿಗೆ ಕೈಮುಗಿದು, ಹಗುರಾಗಿ ಮನೆಗೆ ಬಂದರೆ — ಫೋನು ಕುದಿಯುತ್ತಿದೆ.

ನಾವಿನ್ನೂ ಒಳಗೆ ಕೂತಿರುವಾಗಲೇ ನಮ್ಮ ಕ್ಷಮೆ ಹೊರಟುಹೋಗಿತ್ತು. ಎಲ್ಲ ನಂಬರುಗಳಿಗೂ. ಅರ್ಜಣನ ನಂಬರು ಅದರಲ್ಲಿ ಇನ್ನೂ ಇತ್ತು. ಯಾರೂ ತೆಗೆದಿರಲಿಲ್ಲ, ನಾನೂ ನೋಡಲಿಲ್ಲ. ಎಲ್ಲದಕ್ಕೂ ಹೆದರುವವನು ಇದೊಂದಕ್ಕೆ ಹೆದರಲಿಲ್ಲವಲ್ಲ!

ವಿಡಿಯೋದ ಕೆಳಗೆ ಎಲ್ಲರೂ ನೋಡುವ ಹಾಗೆ ಬರೆದಿದ್ದಾನೆ: "ಶೇಠ್, ನಿಮ್ಮ ಸಂದೇಶ ಬಂತು. ಯಾವುದಕ್ಕೆ ಅಂತ ಹೇಳಿ, ಶೇಠ್. ಹೇಳಿದರೆ ಕ್ಷಮಿಸುತ್ತೇನೆ. — ಅರ್ಜಣ್ ಚಾವಡಾ."

ಬೈಗುಳವಿಲ್ಲ, ಒಂದು ಒರಟು ಪದವಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದನ್ನೇ ಹಿಡಿದು ಊರೆಲ್ಲ ಕೇಳುತ್ತಿದೆ, ಹೌದಲ್ಲ, ಯಾವುದಕ್ಕೆ? ಕೆಳಗೆ ಹಳೇ ವಿಡಿಯೋ ಅಂಟಿಸುತ್ತಿದ್ದಾರೆ.

ಮೊದಲ ಪುಟ. ಮತ್ತೆ ಮೊದಲನೆಯದು.

ಮೋಟಾಭಾಯಿ ಫೋನ್ ಇಸಕೊಂಡು ಓದಿದರು. ಮತ್ತೆ ಓದಿದರು. ಕೊಟ್ಟುಬಿಟ್ಟರು.

ಸೆಪ್ಟೆಂಬರ್ ೨೦

ಇವತ್ತು ಭಾಭಿಯ ಪಾರಣೆ. ಮನೆಮಂದಿ ಒಬ್ಬೊಬ್ಬರೂ ಒಂದೊಂದು ಚಮಚ ಶುಂಠಿ ಗಂಜಿ ಕುಡಿಸಿ ಉಪವಾಸ ಬಿಡಿಸುವುದು. ನಾನು ಕುಡಿಸಿದ್ದು ಅರ್ಧ ಅವರ ಸೀರೆಗೆ.

ಫ್ರೇನಿಬಾಯಿ ಬೆಳಗಿನ ರೈಲಿಗೇ ಬಂದಿದ್ದರು. ಒಂದು ಮೂಲೆಯಲ್ಲಿ ತಲೆ ಮೇಲೆ ಸೆರಗಿನ ಹಾಗೆ ದುಪಟ್ಟಾ ಹಾಕಿಕೊಂಡು ಕೂತಿದ್ದರು. "ತಪ್ಪು ನನ್ನದು. ಸಂದೇಶ ಯಾರಿಗೆ ಹೋಗುತ್ತೆ ಅಂತ ನಾನೇ ನೋಡ್ಬೇಕಿತ್ತು," ಅಂದರು. ಎಷ್ಟು ಜನ ಹೀಗೆ ಹೇಳುತ್ತಾರೆ? "ಈಗ ಉತ್ತರ ಕೊಡಬೇಡಿ, ಅಳಿಸಲೂ ಬೇಡಿ. ನಾಲ್ಕು ದಿನ ಸುಮ್ನಿದ್ರೆ ಜನ ಬೇರೆ ಯಾರನ್ನಾದ್ರೂ ಹಿಡ್ಕೊತಾರೆ. ಆಮೇಲೆ ಕೆಳಗೆ ಒತ್ತೋಣ."

ಭಾಭಿ ಬಾಯಿ ಒರೆಸಿಕೊಂಡರು. ದನಿ ಇನ್ನೂ ಸಣ್ಣಗೆ. "ಅವನು ಕೇಳಿದ್ದು ಒಂದು ಮಾತು. ಉತ್ತರಾನೂ ಒಂದೇ ಮಾತು. ಇದಕ್ಕೆ ನಾಲ್ಕು ದಿನ ಯಾಕೆ?" ಮತ್ತೆ ಮೋಟಾಭಾಯಿಯ ಕಡೆ ತಿರುಗಿ, "ನೀವಿನ್ನೂ ಗಂಜಿ ಕುಡಿಸಿಲ್ಲ. ತಣ್ಣಗಾಗ್ತಿದೆ."

ಮೋಟಾಭಾಯಿ ಚಮಚ ಕೈಯಲ್ಲಿ ಹಿಡಿದೇ ಕೂತಿದ್ದರು. "ಫ್ರೇನಿಬೆನ್, ಅರ್ಜಣ್ ಚಾವಡಾ ಅಂತ ಒತ್ತಿದ್ರೆ ಏನು ಬರುತ್ತೆ?"

ನಾನು ಅಣ್ಣನ ಹೆಸರನ್ನು ಎಷ್ಟು ಸಾವಿರ ಸಲ ಒತ್ತಿದ್ದೇನೋ. ಇದನ್ನು ಒಮ್ಮೆಯೂ ಒತ್ತಿರಲಿಲ್ಲ.

ಫ್ರೇನಿಬಾಯಿ ಒತ್ತಿದರು. ಅದೇ ವಿಡಿಯೋ. ತಲೆಬರಹ: ಸೂರತ್ತಿನ ವಜ್ರ ಕಳ್ಳ. ಅದರ ಮುಂದೆ ನಿಲ್ಲಿಸಲಿಕ್ಕೆ ಅವನಿಗೆ ಹಾಸ್ಟೆಲ್ಲಿಲ್ಲ, ಎತ್ತಿಲ್ಲ, ದೋಣಿಯಿಲ್ಲ.

ಮೋಟಾಭಾಯಿ ಭಾಭಿಗೆ ಗಂಜಿ ಕುಡಿಸಿದರು. "ಕನು, ಗಾಡಿ ತೆಗಿ."

ಅದೇ ದಿನ, ಮಧ್ಯಾಹ್ನ

ಕತಾರಗಾಮದ ಒಂದು ಗಲ್ಲಿ. ಮಾಳಿಗೆಯಲ್ಲಿ ಒಂದೇ ಕೋಣೆ. ಅರ್ಜಣ್ ಸೀರೆಗೆ ಜರಿ ಹಾಕುವ ಮಷಿನ್ನಿನಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದ. ಎದ್ದು ಕೂತ. ಹೆಂಡತಿ ನೀರು ಕೊಟ್ಟಳು, ಲೋಟ ಸ್ವಲ್ಪ ಜೋರಾಗಿಯೇ ಇಟ್ಟಳು.

ಮೋಟಾಭಾಯಿ ಕೈಮುಗಿದು ಬಾಯಿ ತೆರೆದರು. ಅರ್ಜಣ್ ತಡೆದ.

"ಇಲ್ಲಿ ಬೇಡ ಶೇಠ್. ಈ ಮನೇಲಿ ಯಾರೂ ನನ್ನನ್ನ ಕಳ್ಳ ಅಂದಿಲ್ಲ. ಎಲ್ಲಿ ಅಂದ್ರೋ ಅಲ್ಲಿ ಹೇಳಿ."

"ಬರ್ತೀಯಾ?"

"ಬರ್ತೀನಿ. ಅವತ್ತು ಫೋನು ಹಿಡಿದಿದ್ರು, ಈಗಲೂ ಹಿಡೀಲಿ. ಎಷ್ಟು ಕಾರ್ಖಾನೆ ಸುತ್ತಿದೆ ಗೊತ್ತಾ? ಕೈ ನೋಡಲ್ಲ, ಮುಖ ನೋಡಿ 'ಆ ವಿಡಿಯೋದವನಲ್ವಾ' ಅಂತಾರೆ. ನನ್ನ ಮಗಳ ಕ್ಲಾಸಿನವರೂ ನೋಡಿದ್ದಾರೆ."

"ಅಯ್ಯೋ ಬಿಡಿ, ಇವರ ಹತ್ರ ಯಾಕೆ ಹೇಳ್ತೀರಾ," ಅಂದಳು ಹೆಂಡತಿ. "ಇವರಿಗೆ ಎತ್ತಿನ ಜೊತೆ ಫೋಟೋ ಇದೆ."

ಮೋಟಾಭಾಯಿ ತಲೆ ತಗ್ಗಿಸಿ ಕೇಳಿಸಿಕೊಂಡರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಚೆನ್ನಾಗಿ ಹೇಳಿದಳು.

ಸೆಪ್ಟೆಂಬರ್ ೨೧

ಫ್ರೇನಿಬಾಯಿ ಬಿಡಿಸಿ ಹೇಳಿದರು. "ಸೇವಂತಿಭಾಯ್, ಕಾರ್ಖಾನೇಲಿ ಕ್ಷಮೆ ಕೇಳೋ ವಿಡಿಯೋ ಹಾಕಿದ್ರೆ ಹಳೇದೂ ಜೊತೇಲೇ ಬರುತ್ತೆ. ಇದನ್ನ ನೋಡಿದೋರು ಅದನ್ನ ಹುಡುಕ್ತಾರೆ. ಎರಡೂ ಕೈಕೈ ಹಿಡ್ಕೊಂಡು ಮೊದಲ ಪುಟದಲ್ಲೇ ಕೂತುಬಿಡ್ತವೆ. ಆಮೇಲೆ ನನ್ನ ಕೈಲಿ ಇಳಿಸೋಕಾಗಲ್ಲ. ಯಾರ ಕೈಲೂ ಆಗಲ್ಲ."

"ಆಂಟ್ವರ್ಪಿನವರು?" ಅಂದೆ.

"ನೋಡ್ತಾರೆ."

"ನೋಡ್ಲಿ," ಅಂದರು ಮೋಟಾಭಾಯಿ.

"ಕರಾರು ಹೋದ್ರೆ?"

"ಕನು, ಅಪ್ಪ ಇದ್ದಾಗ ನಮ್ಮ ಮಾತಿನ ಮೇಲೆ ಚೀಟಿ ಇಲ್ದೆ ಮಾಲು ಕೊಡ್ತಿದ್ರು. ನಾನು ಅರ್ಜಣನ್ನ ಕಳ್ಳ ಅಂದೆ, ಇಡೀ ಬಜಾರು ನಂಬ್ತು. ಅಷ್ಟು ಬೆಲೆ ನನ್ನ ಮಾತಿಗೆ. ಅದು ಸುಳ್ಳು ಅಂತ ಹೇಳೋಕೂ ಅದೇ ಬಾಯಿ ಬೇಕು. ಬೇರೆ ಯಾರು ಹೇಳಿದ್ರೂ ಆಗಲ್ಲ."

ಫ್ರೇನಿಬಾಯಿ ಅವರನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ಬಾಗಿ, "ಇಷ್ಟು ವರ್ಷದಲ್ಲಿ ಮೊದಲನೇ ಸಲ ನನ್ನ ಗಿರಾಕಿ ನನ್ನ ಕೆಲಸ ಕೆಡಿಸ್ತಿರೋದು. ಖುಷಿ ಆಗ್ತಿದೆ ಕನುಶೇಠ್, ಯಾರಿಗೂ ಹೇಳಬೇಡಿ."

ಸೆಪ್ಟೆಂಬರ್ ೨೨

ಚಕ್ರಗಳನ್ನೆಲ್ಲ ನಿಲ್ಲಿಸಿದರು. ಅಷ್ಟು ನಿಶ್ಶಬ್ದವನ್ನು ಆ ಕಾರ್ಖಾನೆಯಲ್ಲಿ ನಾನು ಕೇಳಿದ್ದೇ ಇಲ್ಲ.

ಅರ್ಜಣ್ ಅವತ್ತು ನಿಂತ ಜಾಗದಲ್ಲೇ ನಿಂತ. ಸುತ್ತ ಫೋನುಗಳು ಎದ್ದವು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕತ್ತಿನ ಗುಂಡಿಯೂ ಹಾಕಿದ್ದ. ಮೋಟಾಭಾಯಿ ಚಪ್ಪಲಿ ಬಿಟ್ಟು ಎದುರು ಬಂದರು. ಫ್ರೇನಿಬಾಯಿ ಬರೆದುಕೊಟ್ಟ ಹಾಳೆ ಜೇಬಿನಲ್ಲೇ ಉಳಿಯಿತು.

"ಅರ್ಜಣ್ ಚಾವಡಾ ಕಳ್ಳ ಅಲ್ಲ. ಹರಳು ನನ್ನ ತಕ್ಕಡಿ ಅಡೀಲೇ ಇತ್ತು. ಸಿಕ್ಕ ಮೇಲೂ ನಾನು ಬಾಯಿ ಬಿಡ್ಲಿಲ್ಲ, ನಾಚಿಕೆ ಆಯ್ತು. ಶರ್ಟ್ ಬಿಚ್ಚಿಸಿದ್ದಕ್ಕೆ. ಕಳ್ಳ ಅಂದದ್ದಕ್ಕೆ. ಸಿಕ್ಕಿದ್ದನ್ನ ಮುಚ್ಚಿಟ್ಟಿದ್ದಕ್ಕೆ. ಇದಕ್ಕೆ, ಅರ್ಜಣ್‌ಭಾಯ್. ಮಿಚ್ಛಾಮಿ ದುಕ್ಕಡಂ."

ಅರ್ಜಣ್ ಕತ್ತಿನ ಗುಂಡಿ ಮುಟ್ಟಿಕೊಂಡ. ಕ್ಷಮಿಸದಿದ್ದರೆ? ನಾನಾದರೆ ಕ್ಷಮಿಸುತ್ತಿದ್ದೆನೇ?

"ಹೇಳಿದ್ರಿ. ಕ್ಷಮಿಸಿದೆ," ಅಂದ. ಮೋಟಾಭಾಯಿ ಅವನ ಹಳೇ ಚಕ್ರದ ಕಡೆ ಕೈ ತೋರಿಸಿದರು. ಅವನು ನಕ್ಕ. "ಕ್ಷಮಿಸ್ತೀನಿ ಅಂದೆ ಶೇಠ್, ಕೆಲಸಕ್ಕೆ ಬರ್ತೀನಿ ಅನ್ಲಿಲ್ಲ."

ಇಡೀ ಕಾರ್ಖಾನೆ ನಕ್ಕಿತು. ಮೋಟಾಭಾಯಿಯೂ. ಮಹಿಧರಪುರಾದಲ್ಲಿ ನಕ್ಕ ನಗುವಲ್ಲ ಇದು. ಕಾರಿನಲ್ಲಿ ದಾರಿಯುದ್ದಕ್ಕೂ ಮಾತಾಡಿದರು, ಚಿಕ್ಕವರಿದ್ದಾಗ ತಾಪಿ ಹೊಳೆಯಲ್ಲಿ ಈಜಿದ್ದು ಅದು ಇದು.

ಸೆಪ್ಟೆಂಬರ್ ೨೯, ಸಂಜೆ ನಾಲ್ಕು

ಆಫೀಸು. ಆಂಟ್ವರ್ಪಿನವರ ಫೋನು ಯಾವಾಗ ಬೇಕಾದರೂ ಬರಬಹುದು. ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಅಣ್ಣನ ಹೆಸರು ಒತ್ತಿದೆ. ಫ್ರೇನಿಬಾಯಿ ಹೇಳಿದ ಹಾಗೇ ಆಗಿದೆ. ಮೊದಲ ಪುಟ, ಒಂದರ ಪಕ್ಕ ಒಂದು. ಬೆರಳು ತೋರಿಸುತ್ತಿರುವ ಮೋಟಾಭಾಯಿ, ಕೈಮುಗಿದ ಮೋಟಾಭಾಯಿ. ಕೆಳಗೆ ಕೆಲವರು ಇದೂ ನಾಟಕ ಅಂತ ಬರೆದಿದ್ದಾರೆ. ಇನ್ನು ಕೆಲವರು ನಮ್ಮ ಶೇಠ್ ಹೀಗೆ ಕೈಮುಗಿಯೋದು ಯಾವಾಗ ಅಂತ ಕೇಳಿದ್ದಾರೆ.

ಆಮೇಲೆ ಅರ್ಜಣ್ ಚಾವಡಾ ಅಂತ ಒತ್ತಿದೆ. ಮೊದಲನೆಯದೇ ಬಂತು, ಮೋಟಾಭಾಯಿಯ ದನಿಯಲ್ಲಿ — ಅರ್ಜಣ್ ಚಾವಡಾ ಕಳ್ಳ ಅಲ್ಲ. ವರಾಛಾದ ಒಂದು ಕಾರ್ಖಾನೆಯಲ್ಲಿ ಮೊನ್ನೆಯಿಂದ ಚಕ್ರಕ್ಕೆ ಕೂತಿದ್ದಾನಂತೆ.

ಇದನ್ನು ತೆರೆದು ನೋಡಿದೆ. ಮತ್ತೆ ತೆರೆದೆ. ಐವತ್ತು ಸಲ ತೆರೆಯುತ್ತೇನೆ, ಗೂಗಲ್ ತಿಳಿದುಕೊಳ್ಳಲಿ.

ಫೋನು. ಆಂಟ್ವರ್ಪು. ಮೋಟಾಭಾಯಿ ಸ್ಪೀಕರಿಗೆ ಹಾಕಿದ್ದಾರೆ, ಗಾಜಿನಾಚೆಯಿಂದ ಎಲ್ಲ ಕೇಳುತ್ತಿದೆ. ಅಲ್ಲಿನ ಮನುಷ್ಯ ಕೇಳುತ್ತಿದ್ದಾನೆ — ಎರಡು ವಿಡಿಯೋ ನೋಡಿದೆವು, ಮಿಸ್ಟರ್ ವೋರಾ, ಇದರಲ್ಲಿ ನೀವು ಯಾರು?

ಮೋಟಾಭಾಯಿ ತಮ್ಮ ಹರುಕು ಇಂಗ್ಲಿಷಿನಲ್ಲಿ, ಒಂದಿಷ್ಟೂ ತಡೆಯದೆ, "ಎರಡರಲ್ಲೂ ನಾನೇ," ಅಂದರು.

ಮೋಟಾಭಾಯಿಯ ಬೆನ್ನು ಕಾಣುತ್ತಿದೆ, ನೆಟ್ಟಗಿದೆ. ಈಗ ಅವನು ಏನೋ ಹೇಳಲು ಶುರು ಮಾಡಿದ. ಕರಾರು ಉಳಿಯಲಿ ಹೋಗಲಿ, ಪೆನ್ನು ಇಟ್ಟು ಅಣ್ಣನ ಪಕ್ಕ ಹೋಗಿ ನಿಲ್ಲುತ್ತೇನೆ.